ಫ್ಲೋರೈಡ್ ನೀರು ಮತ್ತು ನ್ಯಾನೊ ನಾಲೆಗಳು

ಚಿತ್ರದುರ್ಗ ಜಿಲ್ಲೆಯ, ಅದರಲ್ಲೂ ಹಿರಿಯೂರು ಭಾಗದ ಹಲವು ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕವಾಗಿದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಇದು ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂವರೆಗೆ ಸಮ್ಮತವಿದೆ. ಮಿತಿಮೀರಿದ ಫ್ಲೋರೈಡ್ ಹಲ್ಲು, ಮೂಳೆಗಳಿಗೆ ಹಾನಿಕರ.

ಆರ್.ಓ. ಘಟಕಗಳು ಒತ್ತಡದಿಂದ ನೀರನ್ನು ಪೊರೆಯ ಮೂಲಕ ಹಾಯಿಸಿ, ಕರಗಿದ ಬಹುತೇಕ ಲವಣಗಳನ್ನು ತಡೆಯುತ್ತವೆ. ಫ್ಲೋರೈಡ್ ಒಂದರ ಸಲುವಾಗಿ ಉಪಯುಕ್ತ ಲವಣಗಳೂ ನಷ್ಟವಾಗುತ್ತವೆ. ನೀರಿನ ಒಂದು ಪಾಲು ತ್ಯಾಜ್ಯವಾಗಿ ಹರಿದುಹೋಗುತ್ತದೆ.

ಜೀವಕೋಶದ ಕ್ರಮವೇ ಬೇರೆ. ವಿದ್ಯುದಾವೇಶವುಳ್ಳ ಕಣಗಳಿಗೆ ಅಯಾನುಗಳೆಂದು ಹೆಸರು. ಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ನಾಲೆಯು ಸೆಕೆಂಡಿಗೆ ಕೋಟಿಯಷ್ಟು ಪೊಟ್ಯಾಸಿಯಂ ಅಯಾನುಗಳನ್ನು ಬಿಡುತ್ತದೆ. ಅವುಗಳಿಗಿಂತ ಚಿಕ್ಕದಾದ ಸೋಡಿಯಂ ಅಯಾನನ್ನು ತಡೆಯುತ್ತದೆ. ಒಳಗೋಡೆಯ ಆಮ್ಲಜನಕ ಪರಮಾಣುಗಳ ಜೋಡಣೆ ಪೊಟ್ಯಾಸಿಯಂಗೆ ಮಾತ್ರ ಸರಿಹೊಂದುವುದೇ ಇದಕ್ಕೆ ಕಾರಣ. ಈ ರಚನೆಯನ್ನು 1998ರಲ್ಲಿ ಬಯಲಿಗೆ ತಂದ ರೋಡರಿಕ್ ಮ್ಯಾಕಿನನ್ 2003ರ ರಸಾಯನಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಇದೇ ಮಾದರಿಯಲ್ಲಿ ಕೃತಕ ನಾಲೆಗಳನ್ನು ರೂಪಿಸುವ ಯತ್ನ ನಡೆದಿದೆ. ಲೋಹ ಮತ್ತು ಸಾವಯವ ಅಣುಗಳನ್ನು ಹೆಣೆದ ಹರಳಿನಲ್ಲಿ, ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಿರಿದಾದ ನಾಲೆಗಳು ಫ್ಲೋರೈಡನ್ನು ಕ್ಲೋರೈಡಿಗಿಂತ ಬಹು ಶೀಘ್ರವಾಗಿ ಸಾಗಿಸುವುದನ್ನು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ತಂಡ 2019ರಲ್ಲಿ ಪ್ರಕಟಿಸಿತು.

ಆದರೆ ಇದು ಪ್ರಯೋಗಾಲಯದ ಸಾಧನೆ. ಇಂತಹ ಪೊರೆಯನ್ನು ಬಿರುಕಿಲ್ಲದೆ, ದೊಡ್ಡ ಅಳತೆಯಲ್ಲಿ, ಕೈಗೆಟಕುವ ದರದಲ್ಲಿ ತಯಾರಿಸುವುದು ಸುಲಭವಲ್ಲ. ಆದುದರಿಂದ 'ನ್ಯಾನೊ' ಎಂಬ ಹೆಸರನ್ನು ನೋಡಿ ಬಂಡವಾಳ ಹೂಡುವ ಮುನ್ನ, ತಮ್ಮದೇ ಕೊಳವೆಬಾವಿಯ ನೀರಿನ ಶುದ್ಧೀಕರಣಪೂರ್ವ ಹಾಗೂ ನಂತರದ ಪರೀಕ್ಷಾ ವರದಿಗಳನ್ನು ಕೇಳುವುದು ಉದ್ಯಮಿಗಳಿಗೆ ಕ್ಷೇಮಕರ. ಈಗಿನ ಘಟಕಗಳ ವೆಚ್ಚದ ಲೆಕ್ಕದಲ್ಲಿ ತ್ಯಾಜ್ಯವಾಗುವ ನೀರನ್ನೂ ಸೇರಿಸಿದರೆ ಮಾತ್ರ ಮುಂದೆ ಬರುವ ತಂತ್ರಜ್ಞಾನದ ನಿಜವಾದ ಉಳಿತಾಯ ತಿಳಿದೀತು.