ಲಿವರಿಗೆ ಹರಡಿದ ಕ್ಯಾನ್ಸರ್: ಮನೆಯವರು ತಿಳಿಯಬೇಕಾದದ್ದು



ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಿಂದಲೋ ಕಿಮ್ಸ್‌ನಿಂದಲೋ ರಿಪೋರ್ಟು ತಂದ ಸದಸ್ಯರು, ಅಲ್ಲಿ ಕೇಳಲು ಸಂಕೋಚಪಟ್ಟು, ಸಂಘಕ್ಕೆ ಬಂದ ನಮ್ಮನ್ನು ಕೇಳುವುದುಂಟು. ನಾನು ದನದ ಡಾಕ್ಟರ್. ಚಿಕಿತ್ಸೆ ಹೇಳುವುದು ನನ್ನ ಕೆಲಸವಲ್ಲ. ರಿಪೋರ್ಟಿನ ಮಾತನ್ನು ಮಾತ್ರ ಬಿಡಿಸಿ ಹೇಳಬಲ್ಲೆ.

‘ಸೆಕೆಂಡರಿ’ ಎಂದರೆ ಎರಡನೇ ಹಂತವೆಂದು ಬಹಳ ಜನ ತಿಳಿಯುತ್ತಾರೆ. ಹಾಗಲ್ಲ. ಗಡ್ಡೆ ಮೊದಲು ಹುಟ್ಟಿದ್ದು ದೊಡ್ಡ ಕರುಳು, ಜಠರ, ಸ್ತನ, ಶ್ವಾಸಕೋಶದಂಥ ಬೇರೆ ಕಡೆ. ಅಲ್ಲಿಂದ ರಕ್ತದಲ್ಲಿ ಬಂದು ಕಾಳಿಜದಲ್ಲಿ, ಅಂದರೆ ಲಿವರಿನಲ್ಲಿ, ಬೇರೂರಿದೆ ಎಂದರ್ಥ. ಹೊಟ್ಟೆ, ಕರುಳುಗಳ ರಕ್ತ ಹೃದಯಕ್ಕೆ ಹೋಗುವ ಮೊದಲು ಲಿವರಿನಲ್ಲಿ ಸೋಸಿ ಹೋಗುತ್ತದೆ. ಆಕಳಲ್ಲೂ ಮನುಷ್ಯರಲ್ಲೂ ಇದೇ ದಾರಿ. ಹನಿ ಸೆರೆ ಮುಟ್ಟದ ತಾಯಿಗೆ ಲಿವರಿನ ರೋಗ ಹೇಗೆ ಬಂತು ಎಂಬುದಕ್ಕೂ ಇದೇ ಉತ್ತರ. ನಿಮ್ಮ ಎಮ್ಮೆ ಪಕ್ಕದ ಹೊಲದಲ್ಲಿ ಮೇಯ್ದರೆ ಅದು ಅವರ ಎಮ್ಮೆಯಾಗುವುದಿಲ್ಲವಷ್ಟೆ! ಸ್ತನದಿಂದ ಬಂದದ್ದು ಲಿವರಿನಲ್ಲಿದ್ದರೂ ಸ್ತನದ ಕ್ಯಾನ್ಸರೇ, ಔಷಧವೂ ಅದರದೇ.

ಆದ್ದರಿಂದ ಡಾಕ್ಟರರಲ್ಲಿ ಮೊದಲು ಕೇಳಿ: ಮೂಲ ಎಲ್ಲಿದೆ? ಆಪರೇಷನ್ ಸಾಧ್ಯವೇ? ಕೀಮೋ ಕೊಡುವುದು ಗುಣಕ್ಕೋ, ಆಯುಷ್ಯ ಹೆಚ್ಚಿಸಲೋ? ಕರುಳಿನಿಂದ ಬಂದ ಗಡ್ಡೆಗಳು ಕೆಲವೇ ಇದ್ದರೆ ಕತ್ತರಿಸಿ ತೆಗೆಯುವುದುಂಟು; ಉಳಿದ ಲಿವರ್ ಮತ್ತೆ ಬೆಳೆಯುತ್ತದೆ. ಹೆಚ್ಚಿನವರಲ್ಲಿ ಪೂರ್ತಿ ಗುಣವಾಗದು; ರೋಗವನ್ನು ತಡೆದು ಹಿಡಿಯುವುದು, ನೋವು ಕಳೆಯುವುದೇ ಗುರಿ. ತೀವ್ರ ನೋವಿಗೆ ಮಾರ್ಫಿನ್ ಗುಳಿಗೆಯಿದೆ. ಚಟ ಹತ್ತೀತೆಂದು ಹೆದರಿ ರೋಗಿಯನ್ನು ನರಳಿಸಬೇಡಿ. ಕಣ್ಣು ಹಳದಿಯಾದರೆ ಕಾಮಣಿ ಔಷಧಕ್ಕೆ ಓಡದೆ ಅದೇ ಡಾಕ್ಟರರಿಗೆ ತೋರಿಸಿ. ಪಿತ್ತದ ನಾಳ ಕಟ್ಟಿದ್ದರೆ ಅದನ್ನು ಬಿಡಿಸುವ ಉಪಾಯವಿದೆ.

ಇನ್ನು ನನ್ನ ಕಸುಬಿನ ಮಾತು. ಇದು ಅಂಟುರೋಗವಲ್ಲ. ರೋಗಿಯಿರುವ ಮನೆಯ ಹಾಲನ್ನು ಬೇರೆ ಕಣ್ಣಿನಿಂದ ನೋಡುವುದು ಶುದ್ಧ ತಪ್ಪು. ಕಾರ್ಯದರ್ಶಿಗಳು ಇದನ್ನು ಎಲ್ಲರೆದುರು ಹೇಳಬೇಕು. ಅಪಾಯವಿರುವುದು ರೋಗಿಗೆ. ಕೀಮೋ ನಡೆದಾಗ ಬಿಳಿ ರಕ್ತಕಣ ಕಡಿಮೆಯಾಗಿ ಸೋಂಕು ಬೇಗ ತಗಲುತ್ತದೆ. ಸೆಗಣಿ ಬಾಚುವುದು, ಈಯುವ ಅಥವಾ ಕಂದು ಹಾಕಿದ ದನದ ಹತ್ತಿರ ಹೋಗುವುದು, ಹಸಿ ಹಾಲು ಕುಡಿಯುವುದು ಪೂರ್ತಿ ನಿಲ್ಲಲಿ. ಚೆನ್ನಾಗಿ ಕಾಯಿಸಿದ ಹಾಲು, ಬೇಯಿಸಿದ ತತ್ತಿ, ಬೇಳೆಯನ್ನು ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಕೊಡಿ. ಜ್ವರ 100.4 ಡಿಗ್ರಿ ಮುಟ್ಟಿದರೆ ರಾತ್ರಿಯಾದರೂ ಆಸ್ಪತ್ರೆಗೆ ಒಯ್ಯಿರಿ.

ಗಾಬರಿಯಲ್ಲಿ ಹಿಂಡುವ ಎಮ್ಮೆಯನ್ನು ಮೊದಲೇ ಮಾರಬೇಡಿ. ಆಸ್ಪತ್ರೆಗೆ ಓಡಾಡುವ ಖರ್ಚು ನಡೆಯುವುದೇ ಹಾಲಿನ ಬಟವಡೆಯಿಂದ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಸಹಕಾರಿ ಸದಸ್ಯರ ಯಶಸ್ವಿನಿ ಯೋಜನೆ 2018ರಲ್ಲಿ ನಿಂತು 2023ರಲ್ಲಿ ಮತ್ತೆ ಆರಂಭವಾಗಿದೆ. ಹೆಸರು ನೋಂದಾಯಿಸಿದ್ದೀರೋ ಇಲ್ಲವೋ ಸಂಘದಲ್ಲಿ ನೋಡಿಕೊಳ್ಳಿ.

ರೋಗಿಯಿಂದ ವಿಷಯ ಮುಚ್ಚಿಡುವುದು ನಮ್ಮ ಕಡೆ ರೂಢಿ. ನನಗದು ಸರಿಯೆನಿಸದು. ಮನೆಯವರೆಲ್ಲ ಪಿಸುಗುಟ್ಟುವಾಗ ಅವರಿಗೆ ಗೊತ್ತಾಗದಿರುತ್ತದೆಯೇ? ಅವರು ಕೇಳಿದಷ್ಟನ್ನು, ಕೇಳಿದಾಗ ಹೇಳಿ. ಹೊಲದ ಉತಾರ, ಸಂಘದ ಷೇರು, ಬ್ಯಾಂಕಿನ ನಾಮಿನಿ ಕಾಗದಗಳಿಗೂ ಅವರ ಮಾತು ಬೇಕು, ಅವರ ಸಹಿಯೂ ಬೇಕು.