ಸೂರಿನ ಲೆಕ್ಕ, ಸಂಬಂಧದ ಲೆಕ್ಕ

ಮಗನಿಗೆ ತಾಯಿ ಬಡಿಸಿದ ಅನ್ನವು ಆತನ ಆದಾಯವೇ? ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಅಮೆರಿಕದ ಕಾನೂನು ಅರ್ಧ ಶತಮಾನದ ಕಾಲ ಇದಕ್ಕೆ ಹೌದೆಂದೇ ಉತ್ತರಿಸುತ್ತ ಬಂದಿತ್ತು. ನಮ್ಮ ಕರಾವಳಿಯ ಕುಟುಂಬಗಳ ಮಕ್ಕಳು, ಮೊಮ್ಮಕ್ಕಳು ಆ ದೇಶದಲ್ಲಿ ನೆಲೆಸಿದ್ದಾರೆ. ಅಲ್ಲಿಯೇ ಹುಟ್ಟಿ ಅಲ್ಲಿಯ ಪೌರತ್ವ ಪಡೆದ ಮಗುವೊಂದು ಅಂಗವಿಕಲವಾಗಿದ್ದರೆ ಈ ವಿಚಾರವು ಇಂದಲ್ಲ ನಾಳೆ ಆ ಮನೆಯ ಹೊಸ್ತಿಲನ್ನು ದಾಟಿ ಬರುತ್ತದೆ.

ಅಲ್ಲಿ ಅಂಗವಿಕಲರಿಗೆ ದೊರೆಯುವ ನೆರವು ಮುಖ್ಯವಾಗಿ ಎರಡು ಬಗೆಯದು. ಮೊದಲನೆಯದು ದುಡಿದು ತೆರಿಗೆ ಕಟ್ಟಿದವನಿಗೆ ಸಲ್ಲುವ ವಿಮೆಯ ಹಣ. ಆತನು ಯಾರ ಮನೆಯಲ್ಲಿ ವಾಸಿಸುತ್ತಾನೆಂದು ಅದು ವಿಚಾರಿಸುವುದಿಲ್ಲ. ಎರಡನೆಯದು ಬಡವರಿಗೆಂದೇ ಇರುವ ಸಪ್ಲಿಮೆಂಟಲ್ ಸೆಕ್ಯೂರಿಟಿ ಇನ್‌ಕಮ್, ಸಂಕ್ಷೇಪವಾಗಿ ಎಸ್.ಎಸ್.ಐ. 1972ರಲ್ಲಿ ಅಧ್ಯಕ್ಷ ನಿಕ್ಸನ್ ಅಂಕಿತ ಹಾಕಿದ ಕಾನೂನಿನ ಮೇರೆಗೆ ಇದು 1974ರ ಜನವರಿಯಲ್ಲಿ ಆರಂಭವಾಯಿತು. ನಾವಿಲ್ಲಿ ನೋಡಬೇಕಾದುದು ಈ ಎರಡನೆಯದನ್ನು.

ಮಗುವಿಗೆ ಹದಿನೆಂಟು ತುಂಬುವವರೆಗೆ ಒಡನಿರುವ ತಂದೆತಾಯಿಯರ ಗಳಿಕೆಯ ಒಂದು ಭಾಗವನ್ನು ಮಗುವಿನದೆಂದೇ ಎಣಿಸುತ್ತಾರೆ. ಹದಿನೆಂಟಾದೊಡನೆ ಈ ಎಣಿಕೆ ನಿಲ್ಲುತ್ತದೆ. ಸಂಬಳಗಾರರ ಮನೆಯ ಮಗನಿಗೂ ಆಗ ಭತ್ಯೆಯ ಬಾಗಿಲು ತೆರೆಯಬಹುದು. ಆದರೆ ಅಲ್ಲಿಂದ ಮುಂದೆ ಇನ್ನೊಂದು ಲೆಕ್ಕ ಶುರುವಾಗುತ್ತದೆ. ಪರರು ಉಚಿತವಾಗಿ ಕೊಟ್ಟ ಅನ್ನ ಮತ್ತು ಆಶ್ರಯಗಳೂ ಆದಾಯವೆಂದು ಬಗೆದು, ಮೂರನೆಯ ಒಂದು ಪಾಲಿನಷ್ಟು ಭತ್ಯೆಯನ್ನು ಕಡಿತ ಮಾಡುವುದು ಕ್ರಮವಾಗಿತ್ತು. ಈ 'ಪರರು' ಹೆತ್ತವರೂ ಆಗಬಹುದು! 2024ರ ಸೆಪ್ಟೆಂಬರ್ 30ರಿಂದ ಊಟದ ಬೆಲೆಯನ್ನು ಆದಾಯವಾಗಿ ಎಣಿಸುವುದನ್ನು ಕೈಬಿಡಲಾಯಿತು. ಸೂರಿನ ಲೆಕ್ಕ ಮಾತ್ರ ಉಳಿದುಕೊಂಡಿತು.

ಇದಕ್ಕೆ ಕಾನೂನಿನಲ್ಲಿಯೇ ಪರಿಹಾರವಿದೆ. ತಿಳಿಯದೆ ನಷ್ಟಪಡುವವರಿರುವುದರಿಂದ ತುಸು ವಿವರವಾಗಿ ಹೇಳುತ್ತೇನೆ. ಬಾಡಿಗೆ ಅಥವಾ ಸಾಲದ ಕಂತು, ಮನೆ ತೆರಿಗೆ, ವಿದ್ಯುತ್, ನೀರು, ಕಸ ವಿಲೇವಾರಿ ಮೊದಲಾದ ವೆಚ್ಚಗಳನ್ನು ಕೂಡಿಸಿ, ಮನೆಮಂದಿಯ ಸಂಖ್ಯೆಯಿಂದ ಭಾಗಿಸಬೇಕು. ತಿಂಗಳಿಗೆ 2,000 ಡಾಲರ್ ವೆಚ್ಚವಾಗುವ ಮನೆಯಲ್ಲಿ ನಾಲ್ವರಿದ್ದರೆ ಒಬ್ಬನ ಪಾಲು 500. ಮಗನು ಆ ಪಾಲನ್ನು ತನ್ನ ಹಣದಿಂದ ಮನೆಗೆ ಸಲ್ಲಿಸಿದರೆ ಕಡಿತವಿಲ್ಲ. ಮಗನಿಂದ ಬಾಡಿಗೆ ಪಡೆಯುವುದೇ ಎಂದು ನಮ್ಮ ತಾಯಂದಿರು ಸಂಕೋಚಪಡುವುದು ಸಹಜ. ಆದರೆ ಆ ಸಂಕೋಚದ ಬೆಲೆಯನ್ನು ತೆರುವವನು ಮಗನೇ. ಸಲ್ಲಿಸಿದ ಹಣಕ್ಕೆ ಬರಹದ ದಾಖಲೆ ಇಟ್ಟುಕೊಳ್ಳುವುದು ಲೇಸು.

ನಮ್ಮ ದೇಶವೂ ಈ ಗೊಂದಲದಿಂದ ಹೊರತಲ್ಲ. 2009ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆಯು ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಮಾತ್ರ. ಅಣ್ಣನ ಸ್ಥಿತಿವಂತ ಮನೆಯಲ್ಲಿ ವಾಸಿಸುವ ನಲವತ್ತರ ತಂಗಿಗೆ ಸ್ವಂತದ ಕಾಸು ಒಂದೂ ಇಲ್ಲದಿದ್ದರೂ ಆಕೆ ಬಡವಳಲ್ಲ.

ಅಮೆರಿಕದ ಲೆಕ್ಕದಲ್ಲಿ ನನ್ನನ್ನು ಹೆಚ್ಚು ಕಾಡುವುದು ವಿವಾಹದ ಪ್ರಶ್ನೆ. 2025ರಲ್ಲಿ ಒಬ್ಬ ಫಲಾನುಭವಿಗೆ ಗರಿಷ್ಠ ಮಾಸಿಕ ಭತ್ಯೆ 967 ಡಾಲರ್. ದಂಪತಿಗಳಿಬ್ಬರಿಗೂ ಸೇರಿ 1,450. ಒಂದೇ ಮನೆಯಲ್ಲಿರುವ ಇಬ್ಬರಿಗೆ ತಲಾ ವೆಚ್ಚ ಕಡಿಮೆಯಾಗುವುದೆಂಬ ಸಮರ್ಥನೆ ಇದಕ್ಕಿದೆ. ಮಾತು ನಿಜ. ಆದರೆ ಇಬ್ಬರು ಸ್ನೇಹಿತರೋ ಅಕ್ಕತಂಗಿಯರೋ ಒಂದೇ ಮನೆಯಲ್ಲಿದ್ದು ಬಾಡಿಗೆಯನ್ನು ಸಮನಾಗಿ ಹಂಚಿಕೊಂಡರೆ ಇಬ್ಬರಿಗೂ ಪೂರ್ಣ ಭತ್ಯೆ, ಒಟ್ಟು 1,934 ಡಾಲರ್. ಅದೇ ಮನೆ, ಅದೇ ಒಲೆ, ಅದೇ ಉಳಿತಾಯ. ಹಾಗಾದರೆ ಇಲ್ಲಿ ತೂಗುತ್ತಿರುವುದು ಸೂರನ್ನಲ್ಲ, ಸಂಬಂಧವನ್ನು. ಸಮಾನರಿಗೆ ಅಸಮಾನ ಪಾಲು ದೊರೆತಾಗ ಕಲಹ ಹುಟ್ಟುವುದೆಂದು ಅರಿಸ್ಟಾಟಲ್ ಹೇಳಿದ್ದು ಇಂತಹ ಹಂಚಿಕೆಯನ್ನು ಕುರಿತೇ. ಸಂತ ತೋಮಸ್ ಅಕ್ವಿನಾಸರೂ ಆ ವಿಚಾರವನ್ನು ಒಪ್ಪಿ ಮುಂದುವರಿಸಿದರು.

ಉಳಿತಾಯದ ಮಿತಿಯೂ ಹೀಗೆಯೇ: ಒಬ್ಬರಿಗೆ 2,000 ಡಾಲರ್, ದಂಪತಿಗೆ 3,000. 1989ರಿಂದ ಈ ಅಂಕಿ ಕದಲಿಲ್ಲ. ವರಿಸಿದ ವ್ಯಕ್ತಿ ಅಂಗವಿಕಲನಲ್ಲದೆ ದುಡಿಯುವವನಾಗಿದ್ದರೆ ಆತನ ಗಳಿಕೆಯನ್ನೂ ಎಣಿಸಿ ಭತ್ಯೆಯನ್ನು ಪೂರ್ತಿಯಾಗಿ ನಿಲ್ಲಿಸಬಹುದು. ಬಹುತೇಕ ರಾಜ್ಯಗಳಲ್ಲಿ ಭತ್ಯೆಯೊಡನೆ ಬರುವ ಮೆಡಿಕೇಡ್ ಎಂಬ ವೈದ್ಯಕೀಯ ನೆರವಿಗೂ ಆಗ ಸಂಚಕಾರ. ಗಾಲಿಕುರ್ಚಿ, ಔಷಧಿ, ಸಹಾಯಕರ ವೇತನ ಎಲ್ಲವೂ ಅದರ ಮೇಲೆ ನಿಂತಿರುವವಳಿಗೆ ಇದು ಸಣ್ಣ ಮಾತಲ್ಲ. ಪರಸ್ಪರ ಒಪ್ಪಿದ ಜೋಡಿಗಳು ವಿವಾಹವನ್ನು ಮುಂದೂಡುತ್ತ ಹೋಗುವುದು ಸೋಮಾರಿತನದಿಂದಲೂ ಅಲ್ಲ, ಅಶ್ರದ್ಧೆಯಿಂದಲೂ ಅಲ್ಲ. ಅವರನ್ನು ಕುರಿತು ತೀರ್ಪು ಕೊಡುವ ಮುನ್ನ ನಾವು ಈ ಅಂಕಿಗಳನ್ನು ಓದಬೇಕು.

ನೋಂದಣಿ ಇಲ್ಲದೆ ಚರ್ಚಿನಲ್ಲಿ ಮಾತ್ರ ಸಂಸ್ಕಾರ ಪಡೆದರಾಯಿತಲ್ಲವೇ ಎಂದು ಕೆಲವರು ಕೇಳುವುದುಂಟು. ಒಂದೇ ಮನೆಯಲ್ಲಿದ್ದು ಸಮಾಜದಲ್ಲಿ ಗಂಡಹೆಂಡಿರೆಂದು ತೋರಿಸಿಕೊಳ್ಳುವ ಗಂಡುಹೆಣ್ಣನ್ನು ಕಚೇರಿಯು ದಂಪತಿಗಳೆಂದೇ ಪರಿಗಣಿಸುತ್ತದೆ. ಆದ್ದರಿಂದ ಆ ದಾರಿ ಫಲಿಸದು. ಮನೆ ಬದಲಾದರೂ, ಮನೆಗೆ ಹೊಸಬರು ಸೇರಿದರೂ, ವಿವಾಹವಾದರೂ ಮರುತಿಂಗಳ 10ನೆಯ ತಾರೀಖಿನೊಳಗೆ ತಿಳಿಸಬೇಕೆಂಬುದು ನಿಯಮ. ತಿಳಿಸದೆ ಪಡೆದ ಹಣವನ್ನು ಹಿಂದಿರುಗಿಸುವಂತೆ ವರ್ಷಗಳ ನಂತರವೂ ಪತ್ರ ಬರಬಹುದು. ಮದುವೆಯ ದಿನ ನಿಶ್ಚಯಿಸುವ ಮೊದಲೇ ಭತ್ಯೆಯ ಕಚೇರಿಯಲ್ಲಿ ಅಥವಾ ಬಲ್ಲ ವಕೀಲರಲ್ಲಿ ಲೆಕ್ಕ ಹಾಕಿಸಿಕೊಳ್ಳಿರೆಂದು ಅಲ್ಲಿರುವ ಬಂಧುಗಳಿಗೆ ಬರೆಯಿರಿ.