ಮೊಬೈಲಿನ ಬೇಸಾಯ ಸಲಹೆಗಳೂ ನಮ್ಮ ವಿದ್ಯಾರ್ಥಿಗಳೂ

ಬೇಸಾಯದ ವಿಷಯದಲ್ಲಿ ಸಂದೇಹವುಂಟಾದಾಗ ಅಧಿಕಾರಿಗಳ ಬರವನ್ನು ಕಾದು ಕುಳಿತಿರಬೇಕಾಗಿದ್ದ ಕಾಲವು ಕಳೆದುಹೋಯಿತು. ಈಗ ಹಳ್ಳಿಹಳ್ಳಿಯಲ್ಲಿಯೂ ಮೊಬೈಲು ಬಳಕೆಗೆ ಬಂದಿರುವುದಷ್ಟೆ. ಅದನ್ನು ಉಪಯೋಗಿಸುವುದರಲ್ಲಿ ಹಿರಿಯರಿಗಿಂತ ಶಾಲೆಗೆ ಹೋಗುವ ಮಕ್ಕಳೇ ಚತುರರು. ಪೈರಿಗೆ ಹುಳು ಬಿದ್ದೊಡನೆ ತಂದೆಯು ಮಗಳನ್ನು ಕರೆದು “ಇದಕ್ಕೆ ಯಾವ ಔಷಧವೆಂದು ನೋಡಮ್ಮ” ಎನ್ನುವುದು ಸಾಮಾನ್ಯವಾಗಿದೆ. ಹೀಗಾಗಿ ಒಂದು ಕುಟುಂಬದ ವರ್ಷದ ಫಸಲು ಎಷ್ಟೋ ವೇಳೆ ಹೈಸ್ಕೂಲು ವಿದ್ಯಾರ್ಥಿಯ ವಿವೇಚನೆಯನ್ನು ಅವಲಂಬಿಸಿರುವುದು. ಸಲಹೆಯನ್ನು ಹುಡುಕುವುದನ್ನು ಮಕ್ಕಳು ತಾವಾಗಿ ಕಲಿತಿದ್ದಾರೆ; ದೊರೆತುದನ್ನು ಪರೀಕ್ಷಿಸಿ ತಮ್ಮ ಹೊಲಕ್ಕೆ ಹೊಂದಿಸಿಕೊಳ್ಳುವುದನ್ನು ಮಾತ್ರ ನಾವು ಕಲಿಸಬೇಕಾಗಿದೆ.

ಹೇಳಿದವರು ಯಾರು?

ಮೊದಲು ಕೇಳತಕ್ಕ ಪ್ರಶ್ನೆ ಇದು. ಸಲಹೆ ಹೇಳಿದವನೇ ಆ ಔಷಧವನ್ನು ಮಾರುವವನಾಗಿದ್ದರೆ ಅವನ ಮಾತನ್ನು ಇನ್ನೊಬ್ಬರಿಂದ ಖಚಿತಪಡಿಸಿಕೊಳ್ಳಬೇಕು. ಬರಹದ ಅಂದವನ್ನಾಗಲಿ, ನೋಡಿದವರ ಸಂಖ್ಯೆಯನ್ನಾಗಲಿ ಕಂಡು ನಂಬಲಾಗದು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಒಂದು ಪರೀಕ್ಷೆಯಲ್ಲಿ 10 ಮಂದಿ ಚರಿತ್ರಕಾರರೂ, 25 ಮಂದಿ ವಿದ್ಯಾರ್ಥಿಗಳೂ, ಸುದ್ದಿಯ ಸತ್ಯಾಸತ್ಯತೆಯನ್ನು ಪರಿಶೀಲಿಸುವ ವೃತ್ತಿಯ 10 ಮಂದಿಯೂ ಭಾಗವಹಿಸಿದ್ದರು. ಮೊದಲಿನ ಎರಡು ಗುಂಪಿನವರಲ್ಲಿ ಅನೇಕರು ತೋರಿಸಿದ ಪುಟದಲ್ಲಿಯೇ ಉಳಿದು ಅದರ ಹೊರರೂಪಕ್ಕೆ ಮರುಳಾದರು. ಪರಿಶೀಲಕರಾದರೋ ಬೇಗನೆ ಆ ಪುಟವನ್ನು ಬಿಟ್ಟು, ಬರೆದವರನ್ನು ಕುರಿತು ಇತರರು ಏನು ಹೇಳುತ್ತಾರೆಂದು ನೋಡಿ, ಅಲ್ಪಕಾಲದಲ್ಲಿಯೇ ನಿಜವನ್ನು ಕಂಡುಕೊಂಡರು. ಹೆಣ್ಣು ನೋಡಲು ಹೋದವರು ಆ ಮನೆಯವರ ಮಾತನ್ನಷ್ಟೇ ನಂಬದೆ ನೆರೆಹೊರೆಯಲ್ಲಿಯೂ ವಿಚಾರಿಸುವ ನಮ್ಮ ಪದ್ಧತಿಯೂ ಇದೇ ಅಲ್ಲವೆ?

ಹೇಳಿದ್ದು ಎಂದು?

ಅಂತರ್ಜಾಲದ ಹಳೆಯ ಬರಹವು ಕಾಗದದಂತೆ ಮಾಸುವುದಿಲ್ಲ. ಹತ್ತು ವರ್ಷದ ಹಿಂದಿನದೂ ನಿನ್ನೆಯದರಂತೆಯೇ ಕಾಣುತ್ತದೆ. ಎಂಡೋಸಲ್ಫಾನ್ ಔಷಧವು 2011ರಲ್ಲಿ ನಿಷೇಧಕ್ಕೊಳಗಾಯಿತು. ಫೋರೇಟ್ ಹರಳಿನ ಬಳಕೆಯು 2020ರ ಡಿಸೆಂಬರ್ 31ರಿಂದ ನಿಂತಿತು. ಆದರೆ ಅವುಗಳನ್ನು ಬಳಸಿರೆಂದು ಹೇಳುವ ಹಳೆಯ ಬರಹಗಳು ಇಂದಿಗೂ ಸಿಗಬಹುದು. ಆದುದರಿಂದ ತಾರೀಖನ್ನು ನೋಡದೆ ಯಾವ ಸಲಹೆಯನ್ನೂ ಸ್ವೀಕರಿಸಬಾರದೆಂಬುದನ್ನು ಮಕ್ಕಳ ಮನಸ್ಸಿನಲ್ಲಿ ಬೇರೂರಿಸತಕ್ಕದ್ದು.

ನಮ್ಮ ಹೊಲಕ್ಕೆ ಅದು ಒಪ್ಪುವುದೆ?

2018ರ ಮೇ ತಿಂಗಳಲ್ಲಿ ಅಮೆರಿಕ ಖಂಡದ ಮೂಲದ ಫಾಲ್ ಸೈನಿಕ ಹುಳುವು ಶಿವಮೊಗ್ಗ ಜಿಲ್ಲೆಯ ಮುಸುಕಿನ ಜೋಳದಲ್ಲಿ ಕಂಡುಬಂದಿತು. ಭಾರತದಲ್ಲಿ ಅದು ಪತ್ತೆಯಾದದ್ದು ಅದೇ ಮೊದಲು. ಎಲೆಯನ್ನು ತಿನ್ನುವ ಹುಳುಗಳು ಹಲವು. ಈ ಹುಳುವಿನ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ವೈ ಅಕ್ಷರದ ಗುರುತೂ, ಬಾಲದ ಸಮೀಪದಲ್ಲಿ ಚೌಕಾಕಾರದ ನಾಲ್ಕು ಕಪ್ಪು ಚುಕ್ಕೆಗಳೂ ಇರುವುವು. ವಿದ್ಯಾರ್ಥಿಯು ಚಿತ್ರವನ್ನು ಹಿಡಿದು ಹೊಲಕ್ಕೆ ಹೋಗಿ, ಸುಳಿಯನ್ನು ಬಿಡಿಸಿ, ಈ ಗುರುತುಗಳನ್ನು ತಾನೇ ಕಂಡ ಬಳಿಕವೇ ಔಷಧದ ಮಾತೆತ್ತಬೇಕು. ತಡಮಾಡುವಂತೆಯೂ ಇಲ್ಲ, ಬಲಿತ ಹುಳು ಸುಳಿಯ ಆಳಕ್ಕಿಳಿದರೆ ಸಿಂಪಡಣೆಯು ಅದಕ್ಕೆ ತಾಗುವುದು ಕಷ್ಟ.

ಲೆಕ್ಕದಲ್ಲಿಯೂ ಎಚ್ಚರವಿರಲಿ. ಹೆಕ್ಟೇರಿಗೆ 100 ಕಿಲೋ ಸಾರಜನಕವೆಂದು ಒಂದು ಶಿಫಾರಸು ಇದೆಯೆಂದಿಟ್ಟುಕೊಳ್ಳೋಣ. ಹೆಕ್ಟೇರೆಂದರೆ ಸುಮಾರು ಎರಡೂವರೆ ಎಕರೆ. ಆದುದರಿಂದ ಎಕರೆಗೆ ಬೇಕಾದದ್ದು 40 ಕಿಲೋ. ಯೂರಿಯಾದಲ್ಲಿ ಸಾರಜನಕವು ನೂರಕ್ಕೆ 46 ಪಾಲು ಮಾತ್ರವಾದ್ದರಿಂದ ಸುಮಾರು 87 ಕಿಲೋ, ಎಂದರೆ 45 ಕಿಲೋ ತೂಕದ ಎರಡು ಚೀಲ, ಸಾಕಾಗುವುದು. ಹೆಕ್ಟೇರನ್ನು ಎಕರೆಯೆಂದು ಓದಿದವನು ಹೆಚ್ಚುಕಡಿಮೆ ಐದು ಚೀಲ ಸುರಿಯುವನು. ಹಣವೂ ನಷ್ಟ, ಪೈರೂ ಸೊಕ್ಕಿ ಹುಳುರೋಗಗಳಿಗೆ ಎಡೆ. ಸಲಹೆಯು ಸರಿಯಾಗಿದ್ದರೂ ಪ್ರಯೋಗವು ಕೆಟ್ಟರೆ ಫಲವೇನು?

ಗ್ರಾಮಪ್ರಮುಖರು ಮಾಡತಕ್ಕುದು

ನೆರೆಯ ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಸುಳ್ಳು ಸುದ್ದಿಗಳನ್ನು ಗುರುತಿಸುವುದನ್ನು ಸರ್ಕಾರಿ ಶಾಲೆಗಳಲ್ಲಿ ಕಲಿಸುವ ಏರ್ಪಾಡು ನಡೆದುದುಂಟು. ನಮ್ಮ ಗ್ರಾಮಗಳಲ್ಲಿ ಇಂಥ ಪಾಠಕ್ಕೆ ಬೇಸಾಯವೇ ಉತ್ತಮ ವಿಷಯ. ಶಾಲಾಭಿವೃದ್ಧಿ ಸಮಿತಿಯಲ್ಲಿ ಈ ಮಾತನ್ನೆತ್ತಿ, ತಿಂಗಳಿಗೊಂದು ದಿನ ಉಪಾಧ್ಯಾಯರೊಡನೆ ಮಕ್ಕಳನ್ನು ನಿಮ್ಮ ಜಮೀನಿಗೆ ಬರಮಾಡಿಕೊಳ್ಳಿರಿ. ಮೊಬೈಲಿನಲ್ಲಿ ಬಂದ ಒಂದು ಸಲಹೆಯನ್ನು ಅವರ ಮುಂದಿಟ್ಟು, ಮೇಲಿನ ಮೂರು ಪ್ರಶ್ನೆಗಳನ್ನು ಕೇಳಿಸಿರಿ. ಮಣ್ಣು ಆರೋಗ್ಯ ಚೀಟಿಯನ್ನು ಅವರಿಂದಲೇ ಓದಿಸಿ ಗೊಬ್ಬರದ ಲೆಕ್ಕ ಹಾಕಿಸಿರಿ. ಸಂದೇಹವುಳಿದಲ್ಲಿ ರೈತ ಸಂಪರ್ಕ ಕೇಂದ್ರದಲ್ಲಾಗಲಿ, ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, 2004ರಿಂದ ನಡೆಯುತ್ತಿರುವ ಕಿಸಾನ್ ಕಾಲ್ ಸೆಂಟರಿನ 1800-180-1551 ಎಂಬ ಉಚಿತ ಸಂಖ್ಯೆಯಲ್ಲಾಗಲಿ ಕೇಳಿ ನಿರ್ಧರಿಸಬಹುದು. ಹೊಸ ಔಷಧವನ್ನೋ ತಳಿಯನ್ನೋ ಮೊದಲು ಕೆಲವು ಗುಂಟೆಗಳಲ್ಲಿ ಮಾತ್ರ ಪ್ರಯೋಗಿಸಿ, ಪಕ್ಕದಲ್ಲಿ ಹಳೆಯ ಕ್ರಮವನ್ನೇ ಉಳಿಸಿಕೊಂಡು, ಎರಡರ ಇಳುವರಿಯನ್ನೂ ಮಕ್ಕಳಿಂದ ಬರೆಯಿಸಿಡುವುದು ಒಳ್ಳೆಯದು.

ಬಿತ್ತನೆಯ ಬೀಜವನ್ನು ಕೇರದೆ, ಜೊಳ್ಳನ್ನು ತೆಗೆಯದೆ ಯಾವ ರೈತನೂ ಹೊಲಕ್ಕೆ ಹಾಕುವುದಿಲ್ಲ. ಮೊಬೈಲಿನಲ್ಲಿ ಬರುವ ಮಾತನ್ನೂ ಹಾಗೆಯೇ ಕೇರಿ ಆರಿಸುವ ಮೊರವನ್ನು ನಮ್ಮ ಮಕ್ಕಳ ಕೈಗೆ ಕೊಡುವ ಹೊಣೆಯು ಗ್ರಾಮದ ಹಿರಿಯರದು.